ಬಿಲ್ಲು, ಹೆದೆ ಮತ್ತು ಪರಿಧಿ: ಭಾಸ್ಕರಾಚಾರ್ಯನ ಬದುಕು ಹಾಗೂ ವೃತ್ತವಿಚಾರ

ಪ್ರಾಚೀನ ಭಾರತದ ಗಣಿತಜ್ಞರ ಕೃತಿಗಳು ಉಳಿದುಬಂದಿರುವ ಪ್ರಮಾಣದಲ್ಲಿ ಅವರ ಬದುಕಿನ ವಿವರಗಳು ಉಳಿದುಬಂದಿಲ್ಲ. ಆರ್ಯಭಟನ ವಿಷಯದಲ್ಲಾಗಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನ ವಿಷಯದಲ್ಲಾಗಲಿ ಕೃತಿಯ ಒಳಗಿನ ಒಂದೆರಡು ಸೂಚನೆಗಳೇ ಆಧಾರ. ಈ ಮಾತಿಗೆ ಎರಡನೆಯ ಭಾಸ್ಕರಾಚಾರ್ಯನು ಅಪವಾದವೆನ್ನಬಹುದು. ತನ್ನ ಜನ್ಮವರ್ಷ, ಗೋತ್ರ, ತಂದೆಯ ಹೆಸರು, ಊರು ಇವನ್ನು ಆತ ತಾನೇ ಹೇಳಿಕೊಂಡಿದ್ದಾನೆ. ಆತನ ಮೊಮ್ಮಗನು ಕೆತ್ತಿಸಿದ ಶಾಸನವೊಂದು ವಂಶದ ಹಿಂದಿನ ಮತ್ತು ಮುಂದಿನ ತಲೆಮಾರುಗಳನ್ನು ಸ್ಪಷ್ಟಪಡಿಸುತ್ತದೆ. ಹೀಗಿದ್ದೂ ಜನಮನದಲ್ಲಿ ನೆಲೆನಿಂತಿರುವುದು ಈ ಎರಡು ಆಕರಗಳ ಭಾಸ್ಕರನಲ್ಲ. ಮಗಳ ಮದುವೆಯ ಮುಹೂರ್ತ ತಪ್ಪಿದ ಕಥೆಯ ಭಾಸ್ಕರ. ಕಥೆಯನ್ನು ಬದಿಗಿಟ್ಟು ಕೃತಿ ಮತ್ತು ಶಾಸನಗಳ ಬೆಳಕಿನಲ್ಲಿ ನೋಡಿದಾಗ, ವೃತ್ತದ ಕಂಸ ಮತ್ತು ಪರಿಧಿಗಳ ಪ್ರಶ್ನೆಯನ್ನು ಜೀವಮಾನದುದ್ದಕ್ಕೂ ಬಿಡದೆ ಹಿಡಿದು, ಪೂರ್ವಾಚಾರ್ಯರ ಮಾತನ್ನೂ ಉಪಪತ್ತಿಯ ಒರೆಗಲ್ಲಿಗೆ ಹಚ್ಚಿದ ವಿದ್ವಾಂಸನೊಬ್ಬನ ಚಿತ್ರ ಮೂಡುತ್ತದೆ.

ಕಾಲ, ದೇಶ ಮತ್ತು ವಂಶ

ಭಾಸ್ಕರನು ಹುಟ್ಟಿದ್ದು ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ. ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ರಚಿಸಿದುದಾಗಿ ಆತ ಹೇಳಿಕೊಂಡಿರುವುದರಿಂದ ಆ ಕೃತಿಯ ಕಾಲ ಕ್ರಿ.ಶ. 1150 ಎಂಬುದು ನಿರ್ವಿವಾದ. ಆತ ಶಾಂಡಿಲ್ಯಗೋತ್ರದವನು, ತಂದೆ ಮಹೇಶ್ವರನೇ ಆತನ ಗುರು. ಊರು ಸಹ್ಯಾದ್ರಿಯ ಆಶ್ರಯದಲ್ಲಿದ್ದ, ವೇದವಿದ್ಯೆಯಲ್ಲಿ ಪಾರಂಗತರಾದ ವಿದ್ವಾಂಸರು ನೆಲೆಸಿದ್ದ ವಿಜ್ಜಡವಿಡ.

ಈ ವಿಜ್ಜಡವಿಡ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕರ್ನಾಟಕದ ವಿಜಾಪುರ, ಮಹಾರಾಷ್ಟ್ರದ ಬೀಡ್, ಚಾಳೀಸಗಾಂವ್ ಸಮೀಪದ ಪಾಟಣ ಪರಿಸರ ಎಂದು ಬೇರೆ ಬೇರೆ ಸ್ಥಳಗಳನ್ನು ಗುರುತಿಸಲಾಗಿದೆ. ಊರಿನ ಹೆಸರಿನ ಕೊನೆಯ ಭಾಗದಲ್ಲಿ ಕನ್ನಡದ 'ಬೀಡು' ಪದವನ್ನು ಕಾಣುವ ಆಸೆ ಕನ್ನಡಿಗರಿಗೆ ಸಹಜವಾದುದೇ. ಆದರೆ ಧ್ವನಿಸಾಮ್ಯವೊಂದೇ ಸ್ಥಳನಿರ್ಣಯಕ್ಕೆ ಸಾಲದು. ವಿಜಾಪುರವು ಸಹ್ಯಾದ್ರಿಯಿಂದ ಬಹುದೂರ ಪೂರ್ವಕ್ಕೆ ಬಯಲುಸೀಮೆಯಲ್ಲಿದೆ. ವಂಶದ ಶಾಸನಗಳು ದೊರೆತಿರುವುದು ಖಾನದೇಶದಲ್ಲಿ. ಆದ್ದರಿಂದ ಪಾಟಣ ಪರಿಸರದ ಕಡೆಗೆ ವಾಲುವ ಸಾಕ್ಷ್ಯವೇ ಬಲವಾದುದು.

ಕರ್ನಾಟಕದೊಡನೆ ಭಾಸ್ಕರನಿಗಿರುವ ನಂಟನ್ನು ಹುಟ್ಟೂರಿನ ವಾದಕ್ಕಿಂತ ಕಾಲದ ರಾಜಕೀಯ ಮತ್ತು ವಿದ್ವತ್ ಪರಿಸರದಲ್ಲಿ ಹುಡುಕುವುದು ಹೆಚ್ಚು ಫಲಪ್ರದ. ಆತ ಹುಟ್ಟಿದಾಗ ದಖ್ಖನ್ನಿನ ಸಾರ್ವಭೌಮನಾಗಿದ್ದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ (1076-1126). ಆ ಆಸ್ಥಾನದ ಆಶ್ರಯದಲ್ಲಿಯೇ ವಿಜ್ಞಾನೇಶ್ವರನ 'ಮಿತಾಕ್ಷರ' ರಚನೆಯಾಯಿತು. ಭಾಸ್ಕರನ ಮಗ ಮೊಮ್ಮಕ್ಕಳಿಗೆ ಆಶ್ರಯವಿತ್ತ ಸೇವುಣರು ಮೊದಲು ಇದೇ ಚಾಲುಕ್ಯರ ಸಾಮಂತರಾಗಿದ್ದವರು. ಅವರ ಕನ್ನಡ ಶಾಸನಗಳು ಕರ್ನಾಟಕದಲ್ಲಿ ವಿಪುಲವಾಗಿ ದೊರೆತಿವೆ. ಅದೇ 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡಕ್ಕೆ ತಂದನು. ಆತನ ಕೃತಿಗಳ ಪಟ್ಟಿಯಲ್ಲಿಯೂ 'ಲೀಲಾವತಿ' ಎಂಬ ಹೆಸರು ಸೇರಿರುವುದು ಗಮನಾರ್ಹ.

ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣದ ಶಾಸನವನ್ನು 19ನೆಯ ಶತಮಾನದಲ್ಲಿ ಭಾವೂ ದಾಜಿಯವರು ಬೆಳಕಿಗೆ ತಂದರು. ತ್ರಿವಿಕ್ರಮನಿಂದ ಮೊದಲಾಗಿ ಭಾಸ್ಕರಭಟ್ಟ, ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ, ಭಾಸ್ಕರ, ಲಕ್ಷ್ಮೀಧರ, ಚಾಂಗದೇವ ಎಂಬ ಒಂಬತ್ತು ತಲೆಮಾರುಗಳನ್ನು ಅದು ಹೇಳುತ್ತದೆ. ಇವರಲ್ಲಿ ಮೊದಲ ಭಾಸ್ಕರಭಟ್ಟನಿಗೆ ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದು ಬಂದಿತ್ತು. ನಮ್ಮ ಭಾಸ್ಕರನ ಮಗ ಲಕ್ಷ್ಮೀಧರನನ್ನು ಸೇವುಣ ಜೈತ್ರಪಾಲನು ಕರೆದೊಯ್ದು ವಿದ್ವಾಂಸರಲ್ಲಿ ಅಗ್ರಗಣ್ಯನನ್ನಾಗಿಸಿದನು. ಮೊಮ್ಮಗ ಚಾಂಗದೇವನು ಸಿಂಘಣನ ಜ್ಯೋತಿಷಿಯಾದನು. ಒಂದು ಮನೆತನದಲ್ಲಿ ಶಾಸ್ತ್ರವು ತಂದೆಯಿಂದ ಮಗನಿಗೆ ಹರಿದುಬಂದ ಬಗೆಗೆ ಇಷ್ಟು ಸ್ಪಷ್ಟವಾದ ದಾಖಲೆ ಭಾರತೀಯ ಗಣಿತದ ಇತಿಹಾಸದಲ್ಲಿ ವಿರಳ.

ಪರಿಧಿಯ ಎರಡು ಮಾನಗಳು

'ಸಿದ್ಧಾಂತಶಿರೋಮಣಿ'ಯಲ್ಲಿ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳಿವೆ. ಮೊದಲ ಭಾಗವಾದ 'ಲೀಲಾವತಿ'ಯ ಕ್ಷೇತ್ರವ್ಯವಹಾರದಲ್ಲಿ ವೃತ್ತದ ವಿಚಾರ ಬರುತ್ತದೆ. ವ್ಯಾಸವನ್ನು 3927ರಿಂದ ಗುಣಿಸಿ 1250ರಿಂದ ಭಾಗಿಸಿದರೆ ಸೂಕ್ಷ್ಮವಾದ ಪರಿಧಿ. 22ರಿಂದ ಗುಣಿಸಿ 7ರಿಂದ ಭಾಗಿಸಿದರೆ ವ್ಯವಹಾರಕ್ಕೆ ಸಾಲುವ ಸ್ಥೂಲವಾದ ಪರಿಧಿ. ವ್ಯಾಸ 7 ಆದಾಗ ಸ್ಥೂಲ ಪರಿಧಿ 22. ಸೂಕ್ಷ್ಮ ಪರಿಧಿ 21 ಮತ್ತು 1250ರಲ್ಲಿ 1239 ಭಾಗ. ಇವೆರಡರ ಅಂತರ 1250ರಲ್ಲಿ 11 ಭಾಗ ಮಾತ್ರ. ಬಾವಿಯ ಕಟ್ಟೆಗೆ ಕಲ್ಲು ಲೆಕ್ಕ ಹಾಕುವವನಿಗೆ ಈ ಅಂತರ ಗಣನೀಯವಲ್ಲ. ಗ್ರಹಣದ ಕಾಲವನ್ನು ಗಣಿಸುವವನಿಗೆ ಗಣನೀಯ. ಯಾವ ಕೆಲಸಕ್ಕೆ ಯಾವ ಮಾನ ಎಂಬ ವಿವೇಕವನ್ನು ಸೂತ್ರದಲ್ಲಿಯೇ ಸೇರಿಸಿರುವುದು ಭಾಸ್ಕರನ ಬೋಧನಕ್ರಮದ ವೈಶಿಷ್ಟ್ಯ.

ಸ್ಥೂಲ ಮತ್ತು ಸೂಕ್ಷ್ಮ ಎಂಬ ಈ ವಿಭಾಗ ಹೊಸದಲ್ಲ. ಮೂರು ಶತಮಾನಗಳ ಹಿಂದೆ ಮಹಾವೀರಾಚಾರ್ಯನು ಪರಿಧಿಯನ್ನು ಸ್ಥೂಲವಾಗಿ ವ್ಯಾಸದ ಮೂರು ಪಟ್ಟು ಎಂದೂ, ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಟ್ಟು ಎಂದೂ ಹೇಳಿದ್ದನು. ಕಂಸದ ಉದ್ದಕ್ಕೂ ಆತ ಎರಡು ಸೂತ್ರಗಳನ್ನು ಕೊಟ್ಟಿದ್ದಾನೆ: ಬಾಣದ ವರ್ಗವನ್ನು ಐದರಿಂದ ಗುಣಿಸಿ, ಹೆದೆಯ ವರ್ಗವನ್ನು ಕೂಡಿಸಿ ಮೂಲ ತೆಗೆದರೆ ಸ್ಥೂಲ ಫಲ, ಐದರ ಬದಲು ಆರನ್ನು ಹಿಡಿದರೆ ಸೂಕ್ಷ್ಮ ಫಲ. ವ್ಯಾಸ 10 ಇರುವ ಅರ್ಧವೃತ್ತಕ್ಕೆ ಇವನ್ನು ಅನ್ವಯಿಸಿದರೆ ಮೊದಲನೆಯದರಿಂದ 15, ಎರಡನೆಯದರಿಂದ 250ರ ವರ್ಗಮೂಲ ದೊರೆಯುತ್ತದೆ. ಮೊದಲ ಫಲ ಮೂರು ಪಟ್ಟಿನ ಪರಿಧಿಯ ಅರ್ಧ. ಎರಡನೆಯದು ಹತ್ತರ ಮೂಲದ ಪರಿಧಿಯ ಅರ್ಧ. ಹೀಗೆ ಮಹಾವೀರನ ಕಂಸಸೂತ್ರಗಳು ಆತನ ಪರಿಧಿಸೂತ್ರಗಳೊಡನೆ ಪೂರ್ಣವಾಗಿ ಹೊಂದಿಕೊಳ್ಳುತ್ತವೆ. ಆದರೆ ಹತ್ತರ ಮೂಲ 3.1623, ಭಾಸ್ಕರನ ಮಾನ 3.1416. ಆರ್ಯಭಟನು ಹೇಳಿದ್ದ, ವ್ಯಾಸ 20,000ಕ್ಕೆ ಪರಿಧಿ 62,832 ಎಂಬ ಪ್ರಮಾಣವನ್ನು ಸಂಕ್ಷೇಪಿಸಿದರೆ ದೊರೆಯುವುದು ಭಾಸ್ಕರನ ಮಾನವೇ.

ಕಂಸದಿಂದ ಜ್ಯಾ, ಜ್ಯಾದಿಂದ ಕಂಸ

ಸಂಸ್ಕೃತದ ಗಣಿತಗ್ರಂಥಗಳಲ್ಲಿ ವೃತ್ತಖಂಡದ ಪರಿಭಾಷೆ ಬಿಲ್ಲುಗಾರಿಕೆಯಿಂದ ಬಂದದ್ದು. ಬಾಗಿದ ಭಾಗ ಚಾಪ, ಎಂದರೆ ಬಿಲ್ಲು. ಅದರ ಎರಡು ತುದಿಗಳನ್ನು ಸೇರಿಸುವ ನೇರ ರೇಖೆ ಜ್ಯಾ ಅಥವಾ ಜೀವಾ, ಎಂದರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿಗೆ ಇರುವ ದೂರ ಶರ, ಎಂದರೆ ಬಾಣ. ವ್ಯಾಸ 10 ಇದ್ದು ಹೆದೆ 6 ಆದರೆ ಬಾಣ ಎಷ್ಟೆಂಬ 'ಲೀಲಾವತಿ'ಯ ಲೆಕ್ಕಕ್ಕೆ ಉತ್ತರ 1. ಇಲ್ಲಿ ಎಲ್ಲವೂ ನೇರ ರೇಖೆಗಳಾದ್ದರಿಂದ ಭುಜಕೋಟಿಕರ್ಣನ್ಯಾಯ ಸಾಕು. ಬಿಲ್ಲಿನ ಉದ್ದದಿಂದ ಹೆದೆಯನ್ನು ತಿಳಿಯಬೇಕಾದಾಗ ಮಾತ್ರ ತೊಡಕು ಎದುರಾಗುತ್ತದೆ. ಏಕೆಂದರೆ ವಕ್ರವಾದುದನ್ನು ಸರಳವಾದುದರಿಂದ ಅಳೆಯಬೇಕಾಗುತ್ತದೆ.

ಈ ತೊಡಕಿಗೆ ಭಾಸ್ಕರನು ಕೊಡುವ ಸೂತ್ರದ ಮೂಲ 7ನೆಯ ಶತಮಾನದ ಮೊದಲನೆಯ ಭಾಸ್ಕರನಲ್ಲಿದೆ. ಪರಿಧಿಯಿಂದ ಚಾಪವನ್ನು ಕಳೆದು, ಉಳಿದುದನ್ನು ಚಾಪದಿಂದ ಗುಣಿಸಬೇಕು; ಇದು 'ಪ್ರಥಮ'. ಪರಿಧಿಯ ವರ್ಗದ ಒಂದೂಕಾಲು ಭಾಗದಿಂದ ಪ್ರಥಮವನ್ನು ಕಳೆದರೆ ಬರುವುದು ಭಾಜಕ. ವ್ಯಾಸದ ನಾಲ್ಕು ಪಟ್ಟನ್ನು ಪ್ರಥಮದಿಂದ ಗುಣಿಸಿ ಈ ಭಾಜಕದಿಂದ ಭಾಗಿಸಿದರೆ ಜ್ಯಾ ದೊರೆಯುತ್ತದೆ. ವ್ಯಾಸ 240 ಇರುವ ವೃತ್ತದ ಪರಿಧಿಯನ್ನು 18 ಭಾಗ ಮಾಡಿ, ಒಂದರಿಂದ ಒಂಬತ್ತು ಭಾಗಗಳವರೆಗಿನ ಚಾಪಗಳಿಗೆ ಜ್ಯಾಗಳನ್ನು ಕೇಳಲಾಗಿದೆ. ಉತ್ತರಗಳು ಕ್ರಮವಾಗಿ 42, 82, 120, 154, 184, 208, 226, 236 ಮತ್ತು 240. ಮೂರು ಭಾಗಕ್ಕೆ 120, ಎಂದರೆ ವ್ಯಾಸಾರ್ಧ. ಒಂಬತ್ತು ಭಾಗಕ್ಕೆ 240, ಎಂದರೆ ವ್ಯಾಸ. ಈ ಎರಡು ಕಡೆ ಸೂತ್ರ ನಿಖರ, ಉಳಿದೆಡೆ ಆಸನ್ನ. ಜ್ಯಾದಿಂದ ಚಾಪವನ್ನು ಮರಳಿ ಪಡೆಯುವ ವಿಲೋಮಸೂತ್ರವನ್ನೂ ಆತ ಕೊಟ್ಟಿದ್ದಾನೆ.

ಈ ಉದಾಹರಣೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಕುತೂಹಲಕಾರಿಯಾದ ಅಂಶವೊಂದು ಕಂಡುಬರುತ್ತದೆ. ವ್ಯಾಸ 240ಕ್ಕೆ ಪರಿಧಿ ಹೆಚ್ಚುಕಡಿಮೆ 754. ಅದರ ಹದಿನೆಂಟನೆಯ ಒಂದು ಭಾಗ 41.89. ಸೂತ್ರವು ಕೊಡುವ ಜ್ಯಾ 42.06. ಅಂದರೆ ಬಿಲ್ಲಿಗಿಂತ ಹೆದೆಯೇ ಉದ್ದವಾಯಿತು! ಎರಡು ಬಿಂದುಗಳ ನಡುವೆ ನೇರ ರೇಖೆಯೇ ಅತ್ಯಂತ ಕಿರಿದಾದುದರಿಂದ ಇದು ಅಸಂಭವ. ಆ ಚಾಪದ ನಿಜವಾದ ಜ್ಯಾ 41.68. ಚಾಪ ಕಿರಿದಾದಂತೆ ಈ ಸೂತ್ರವು ದಾರಿತಪ್ಪುತ್ತದೆ ಎಂಬುದು ಇದರಿಂದ ಸ್ಪಷ್ಟ. ಪಾಟೀಗಣಿತದ ಈ ಜ್ಯಾನಯನವು ಸ್ಥೂಲವಾದುದೆಂದು ಭಾಸ್ಕರನೇ ಗೋಲಾಧ್ಯಾಯದಲ್ಲಿ ಒಪ್ಪಿಕೊಂಡಿದ್ದಾನೆ. ಆ ಕಾರಣಕ್ಕೇ ಅದನ್ನು ಅಲ್ಲಿ ಹೇಳದೆ ಬಿಟ್ಟಿದ್ದಾನೆ. ಆರಂಭದ ವಿದ್ಯಾರ್ಥಿಗೆ ಕೊಟ್ಟ ಊರುಗೋಲನ್ನು ಮುಂದಿನ ತರಗತಿಯಲ್ಲಿ ತಾನೇ ಕಸಿದುಕೊಂಡ ಗುರುವಿನ ನಡೆ ಇದು.

ಜ್ಯೋತ್ಪತ್ತಿ

ಗೋಲಾಧ್ಯಾಯದ 'ಜ್ಯೋತ್ಪತ್ತಿ' ಭಾಗ ಆ ಮುಂದಿನ ತರಗತಿ. ಜ್ಯಾಗಳ ಉತ್ಪತ್ತಿಯನ್ನು ಅರಿಯದವನಿಗೆ ಆಚಾರ್ಯಪದವಿ ಸಲ್ಲದೆಂಬುದು ಆತನ ನಿಲುವು. ವೃತ್ತದ ಪರಿಧಿಯನ್ನು 21,600 ಕಲೆಗಳಾಗಿ ವಿಭಾಗಿಸಿದರೆ ವ್ಯಾಸಾರ್ಧ 3438 ಕಲೆಗಳಾಗುತ್ತದೆ. ಇಲ್ಲಿ ಪೂರ್ಣ ಹೆದೆಯ ಬದಲು ಅರ್ಧ ಹೆದೆಯನ್ನೇ ಜ್ಯಾ ಎನ್ನುತ್ತಾರೆ. ಪರಿಧಿಯ 96ನೆಯ ಒಂದು ಭಾಗ 225 ಕಲೆ. ಅದರ ಜ್ಯಾ 225ರಲ್ಲಿ ಏಳನೆಯ ಒಂದು ಭಾಗ ಕಡಿಮೆ. ಇದು ಆಧುನಿಕ ಗಣನೆಗೂ ಸರಿಹೊಂದುತ್ತದೆ. ಹಿಂದಿನವರು ಇದನ್ನು ಪೂರ್ಣಾಂಕವಾಗಿ 225 ಎಂದೇ ಹಿಡಿದು ಬಿಲ್ಲು ಮತ್ತು ಹೆದೆಗಳನ್ನು ಸಮಾನವಾಗಿಸಿದ್ದರು. ಭಾಸ್ಕರನು ಆ ಏಳನೆಯ ಒಂದು ಭಾಗವನ್ನು ಬಿಟ್ಟುಕೊಡಲಿಲ್ಲ.

ಎರಡು ಚಾಪಗಳ ಮೊತ್ತ ಮತ್ತು ಅಂತರಗಳ ಜ್ಯಾವನ್ನು ಪಡೆಯುವ ಭಾವನಾಸೂತ್ರ ಇಲ್ಲಿನ ಮುಖ್ಯ ಸಾಧನ. ಅದರ ಬಲದಿಂದ ಒಂದೊಂದು ಅಂಶಕ್ಕೂ ಜ್ಯಾವನ್ನು ಕಟ್ಟುವ ಕ್ರಮವನ್ನು ಆತ ತೋರಿಸಿದ್ದಾನೆ: ತಿಳಿದಿರುವ ಜ್ಯಾದಿಂದ ಅದರ 6569ನೆಯ ಒಂದು ಭಾಗವನ್ನು ಕಳೆದು, ಕೋಟಿಜ್ಯಾವನ್ನು 10ರಿಂದ ಗುಣಿಸಿ 573ರಿಂದ ಭಾಗಿಸಿದ ಫಲವನ್ನು ಕೂಡಿಸಿದರೆ ಮುಂದಿನ ಅಂಶದ ಜ್ಯಾ ದೊರೆಯುತ್ತದೆ. ಈ ಎರಡು ಸಂಖ್ಯೆಗಳಲ್ಲಿ ಒಂದು ಅಂಶದ ಕೋಟಿಜ್ಯಾ ಮತ್ತು ಜ್ಯಾಗಳೇ ಅಡಗಿವೆ. ಸಮಭುಜ ಬಹುಭುಜಗಳ ವಿಷಯದಲ್ಲಿಯೂ ಇದೇ ಶ್ರಮ ಕಾಣುತ್ತದೆ. ವೃತ್ತದೊಳಗಿನ ತ್ರಿಭುಜದಿಂದ ನವಭುಜದವರೆಗಿನ ಬಾಹುಗಳಿಗೆ 'ಲೀಲಾವತಿ'ಯು 1,20,000 ವ್ಯಾಸಕ್ಕೆ ಅಂಕಗಳನ್ನು ನೀಡಿದೆ: ತ್ರಿಭುಜಕ್ಕೆ 1,03,923, ಚತುರ್ಭುಜಕ್ಕೆ 84,853, ಷಡ್ಭುಜಕ್ಕೆ 60,000. ಸಪ್ತಭುಜ ಮತ್ತು ನವಭುಜಗಳಲ್ಲಿ ಮಾತ್ರ ಅಂಕಗಳು ನಿಜಕ್ಕಿಂತ ಸ್ವಲ್ಪ ಕಡಿಮೆಯಾಗಿವೆ.

ಭೂಪರಿಧಿ ಮತ್ತು ಲಲ್ಲನ ಖಂಡನೆ

ಕಂಸ ಮತ್ತು ಪರಿಧಿಗಳ ಸಂಬಂಧವು ಶಾಸ್ತ್ರದ ಪುಟಗಳಿಂದ ಹೊರಬಂದು ಲೋಕದ ನಂಬಿಕೆಯನ್ನು ಎದುರಿಸುವುದು ಭೂಮಿಯ ಪ್ರಶ್ನೆಯಲ್ಲಿ. ಭೂಮಿ ಗೋಳವಾದರೆ ಚಪ್ಪಟೆಯಾಗಿ ಕಾಣುವುದೇಕೆ? ಪರಿಧಿಯ ನೂರನೆಯ ಒಂದು ಭಾಗ ಸಮವಾಗಿ ತೋರುತ್ತದೆ; ಭೂಮಿ ಬಲು ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ಬಲು ಚಿಕ್ಕವನು; ಆದ್ದರಿಂದ ಆತನಿಗೆ ಕಾಣುವಷ್ಟು ಭಾಗ ಸಮತಟ್ಟೆನಿಸುತ್ತದೆ ಎಂಬುದು ಭಾಸ್ಕರನ ಸಮಾಧಾನ. ಗಣಿಸಿ ನೋಡಿದರೆ ಪರಿಧಿಯ ನೂರನೆಯ ಭಾಗದ ಚಾಪಕ್ಕೂ ಅದರ ಹೆದೆಗೂ ಇರುವ ವ್ಯತ್ಯಾಸ ಸುಮಾರು ಆರು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಅದು ನಿಲುಕುವುದಿಲ್ಲ.

ಭೂಪರಿಧಿಯನ್ನು ಅಳೆಯಲು ಭೂಮಿಯನ್ನು ಸುತ್ತಬೇಕಾಗಿಲ್ಲ. ಒಂದು ಕಂಸ ಸಾಕು. ಉತ್ತರದಕ್ಷಿಣವಾಗಿರುವ ಎರಡು ಊರುಗಳ ಅಕ್ಷಾಂಶಗಳ ಅಂತರವನ್ನೂ ನಡುವಣ ಯೋಜನಗಳನ್ನೂ ತಿಳಿದು, ಇಷ್ಟು ಅಂಶಕ್ಕೆ ಇಷ್ಟು ಯೋಜನವಾದರೆ 360 ಅಂಶಗಳಿಗೆ ಎಷ್ಟು ಎಂದು ತ್ರೈರಾಶಿಕ ಮಾಡಿದರಾಯಿತು. ನಿರಕ್ಷದೇಶದಿಂದ ಅವಂತಿಯು ಪರಿಧಿಯ ಹದಿನಾರನೆಯ ಒಂದು ಭಾಗದಷ್ಟು ದೂರದಲ್ಲಿದೆ ಎಂದು ಆತ ಹೇಳುತ್ತಾನೆ; ಅದು ಇಪ್ಪತ್ತೆರಡೂವರೆ ಅಂಶಗಳ ಕಂಸ. ಆತನ ಪ್ರಕಾರ ಭೂಪರಿಧಿ 4967 ಯೋಜನ; ವ್ಯಾಸ 1581 ಯೋಜನ ಮತ್ತು 24ನೆಯ ಒಂದು ಭಾಗ. ಈ ಎರಡು ಸಂಖ್ಯೆಗಳ ಪ್ರಮಾಣ 3927:1250ಕ್ಕೆ ಸರಿಹೊಂದುತ್ತದೆ.

ಇನ್ನು ಗೋಳದ ಮೇಲ್ಮೈ. 8ನೆಯ ಶತಮಾನದ ಲಲ್ಲನು ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಿದರೆ ಗೋಲಪೃಷ್ಠಫಲ ದೊರೆಯುತ್ತದೆಂದು ಭಾವಿಸಿದ್ದನು. ಲಲ್ಲನು ಭಾಸ್ಕರನಿಗೆ ಪರಕೀಯನಲ್ಲ. ಆತನ 'ಶಿಷ್ಯಧೀವೃದ್ಧಿದತಂತ್ರ'ಕ್ಕೆ ಭಾಸ್ಕರನೇ ವಿವರಣೆ ಬರೆದಿದ್ದಾನೆ. ಆದರೂ ಈ ವಿಷಯದಲ್ಲಿ ಆತ ದಾಕ್ಷಿಣ್ಯ ತೋರಲಿಲ್ಲ. ಆತನ ವಾದ ಹೀಗಿದೆ: ಗೋಳದ ಪರಿಧಿಯ ಅರ್ಧದಷ್ಟು ವ್ಯಾಸವಿರುವ ದುಂಡನೆಯ ಬಟ್ಟೆಯನ್ನು ಗೋಳದ ಮೇಲೆ ಹೊದಿಸಿದರೆ ಅರ್ಧ ಗೋಳ ಮುಚ್ಚಿ ಬಟ್ಟೆ ಸ್ವಲ್ಪ ಹೆಚ್ಚಾಗಿ ಸುಕ್ಕುಗಟ್ಟುತ್ತದೆ. ಆ ಬಟ್ಟೆಯ ಕ್ಷೇತ್ರಫಲವು ಗೋಳದ ಮಹಾವೃತ್ತದ ಸುಮಾರು ಎರಡೂವರೆ ಪಟ್ಟು. ಆದ್ದರಿಂದ ಪೂರ್ಣ ಗೋಳದ ಮೇಲ್ಮೈ ಐದು ಪಟ್ಟನ್ನು ಮೀರಲಾರದು. ಹಾಗಿರುವಾಗ ಪರಿಧಿಯ ಸಂಖ್ಯೆಯಷ್ಟು ಪಟ್ಟು ಆಗುವುದೆಂತು? ದರ್ಜಿಯ ಬಟ್ಟೆಯಿಂದ ಮಾಡಿದ ಈ ಪರೀಕ್ಷೆ ಗ್ರಂಥಪ್ರಾಮಾಣ್ಯವನ್ನು ನೇರವಾಗಿ ಪ್ರಶ್ನಿಸುತ್ತದೆ.

ಖಂಡನೆಯಲ್ಲಿಯೇ ಆತ ನಿಲ್ಲಲಿಲ್ಲ. ಪರಿಧಿ 96 ಇರುವ ಗೋಳವನ್ನು ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ತುದಿಯಿಂದ ತುದಿಗೆ 96 ಹೋಳುಗಳಾಗಿ ವಿಭಾಗಿಸಿ, ಒಂದೊಂದು ಹೋಳನ್ನೂ ಅಡ್ಡಲಾಗಿ ಕಿರುಭಾಗಗಳಾಗಿ ಮಾಡಿ, ಜ್ಯಾಗಳ ಮೊತ್ತದಿಂದ ಹೋಳಿನ ಕ್ಷೇತ್ರಫಲವನ್ನು ಕಂಡುಹಿಡಿದನು. ಅದು ಗೋಳದ ವ್ಯಾಸಕ್ಕೆ, ಎಂದರೆ 30 ಮತ್ತು 60ರಲ್ಲಿ 33 ಭಾಗಕ್ಕೆ ಸಮನಾಯಿತು. ಹೋಳುಗಳ ಸಂಖ್ಯೆ ಪರಿಧಿಯಷ್ಟೇ ಆದ್ದರಿಂದ ಪರಿಧಿ ಮತ್ತು ವ್ಯಾಸಗಳ ಗುಣಲಬ್ಧವೇ ಮೇಲ್ಮೈ. ಅದು ಮಹಾವೃತ್ತದ ನಾಲ್ಕು ಪಟ್ಟು. ವಕ್ರವಾದುದನ್ನು ಸರಳವೆನಿಸುವಷ್ಟು ಚಿಕ್ಕದಾಗಿ ಒಡೆದು ಮತ್ತೆ ಕೂಡಿಸುವ ಈ ಬಗೆಯು ಗ್ರಹಗಳ ತಾತ್ಕಾಲಿಕ ಗತಿಯನ್ನು ಆತ ವಿವೇಚಿಸಿದ ಬಗೆಗೆ ಸಮೀಪದ್ದು. ಈ ಉಪಪತ್ತಿಗಳನ್ನು ಆತ ತನ್ನ ಕೃತಿಗೆ ತಾನೇ ಬರೆದ 'ವಾಸನಾಭಾಷ್ಯ'ದಲ್ಲಿ ಗದ್ಯದಲ್ಲಿ ವಿವರಿಸಿದ್ದಾನೆ.

ಕಥೆ ಮತ್ತು ಮಠ

ಕ್ರಿ.ಶ. 1183ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಭಾಸ್ಕರನು 'ಕರಣಕುತೂಹಲ'ವನ್ನು ರಚಿಸಿದನು. ಪಂಚಾಂಗಗಣನೆಯನ್ನು ಸುಲಭಗೊಳಿಸುವ ಕೈಪಿಡಿ ಅದು. ಉಪಪತ್ತಿಗಾಗಿ ಲಲ್ಲನನ್ನು ಬಿಡದವನು ಇಳಿವಯಸ್ಸಿನಲ್ಲಿ ದಿನಬಳಕೆಯ ಗಣಕರಿಗಾಗಿ ಬರೆದದ್ದು, ಸ್ಥೂಲಕ್ಕೂ ಸೂಕ್ಷ್ಮಕ್ಕೂ ಅದರದರ ಸ್ಥಾನವುಂಟೆಂಬ ಆತನ ನಿಲುವಿಗೆ ಅನುಗುಣವಾಗಿಯೇ ಇದೆ.

ಲೀಲಾವತಿ ಆತನ ಮಗಳೆಂಬ ಕಥೆ ಬರುವುದು ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಮುಹೂರ್ತ ತಿಳಿಯಲು ಇಟ್ಟಿದ್ದ ಗಳಿಗೆಬಟ್ಟಲಿನ ರಂಧ್ರಕ್ಕೆ ಮಗಳ ಉಡುಗೆಯ ಮುತ್ತೊಂದು ಬಿದ್ದು, ನೀರು ನಿಂತು, ಲಗ್ನದ ಗಳಿಗೆ ತಪ್ಪಿತೆಂದೂ, ಆಕೆಯ ಸಮಾಧಾನಕ್ಕಾಗಿ ಗ್ರಂಥಕ್ಕೆ ಅವಳ ಹೆಸರಿಟ್ಟನೆಂದೂ ಆ ಕಥೆ ಹೇಳುತ್ತದೆ. ಮೂಲಕೃತಿಯಲ್ಲಿ ಲೀಲಾವತಿಯೆಂಬ ಬಾಲೆಯ ಸಂಬೋಧನೆ ಇದೆ. ಅದರ ಜೊತೆಗೆ ಕಾಂತೆ, ಸಖ, ಗಣಕ ಎಂಬ ಸಂಬೋಧನೆಗಳೂ ಇವೆ. ಮಗಳೆಂಬ ಮಾತು ಎಲ್ಲಿಯೂ ಇಲ್ಲ. ಕೃತಿ ರಚನೆಯಾಗಿ ನಾಲ್ಕು ಶತಮಾನಗಳು ಕಳೆದ ಮೇಲೆ ದಾಖಲಾದ ಈ ವೃತ್ತಾಂತವನ್ನು ಚರಿತ್ರೆಯೆಂದು ಸ್ವೀಕರಿಸಲು ಬರುವುದಿಲ್ಲ.

ಕಥೆಯು ಮರೆಮಾಡಿದ ಸಂಗತಿ ಪಾಟಣದ ಶಾಸನದಲ್ಲಿದೆ. ಭಾಸ್ಕರನ ಮತ್ತು ಆತನ ವಂಶದವರ ಗ್ರಂಥಗಳ ಪಾಠಪ್ರವಚನಕ್ಕಾಗಿ ಚಾಂಗದೇವನು ಒಂದು ಮಠವನ್ನು ಸ್ಥಾಪಿಸಿದನು. ಅದಕ್ಕೆ ನಿಕುಂಭವಂಶದ ಸೋಯಿದೇವನು ಕ್ರಿ.ಶ. 1207ರಲ್ಲಿ ದತ್ತಿಗಳನ್ನು ಬಿಟ್ಟನು. ಶಾಸನದ ಕೊನೆಯ ಭಾಗ ಸಂಸ್ಕೃತವನ್ನು ತೊರೆದು ದೇಶಭಾಷೆಯಾದ ಹಳೆಯ ಮರಾಠಿಯಲ್ಲಿ ಆ ದತ್ತಿಗಳನ್ನು ವಿವರಿಸುತ್ತದೆ. ಊರಿನ ವ್ಯಾಪಾರ ಮತ್ತು ಗಾಣಗಳ ಆದಾಯದ ಪಾಲು ವೃತ್ತ ಮತ್ತು ಗೋಳಗಳ ಅಧ್ಯಯನಕ್ಕೆ ಸಲ್ಲುತ್ತಿತ್ತು. ಬಹಾಳದ 1222ರ ಶಾಸನದ ಅನಂತದೇವನು ಭಾಸ್ಕರನ ಸಹೋದರ ಶ್ರೀಪತಿಯ ಮೊಮ್ಮಗ; ಆತನೂ ಸಿಂಘಣನ ಜ್ಯೋತಿಷಿ. ಶಾಸ್ತ್ರವೊಂದು ಉಳಿಯಲು ಪ್ರತಿಭೆಯಷ್ಟೇ ಅಲ್ಲದೆ ಪಾಠಶಾಲೆ, ದತ್ತಿ, ವಂಶದ ಶ್ರದ್ಧೆ ಇವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. 1545ರಲ್ಲಿ ಗಣೇಶ ದೈವಜ್ಞನು 'ಲೀಲಾವತಿ'ಗೆ 'ಬುದ್ಧಿವಿಲಾಸಿನೀ' ವ್ಯಾಖ್ಯಾನ ಬರೆದು, ವೃತ್ತವನ್ನು ಸೂಜಿಮೊನೆಯಂತಹ ಹೋಳುಗಳಾಗಿ ಬಿಡಿಸಿ ಒಂದರೊಳಗೊಂದು ಹೆಣೆದು ಆಯತವಾಗಿಸುವ ಉಪಪತ್ತಿಯನ್ನು ಕೊಟ್ಟನು. 1817ರಲ್ಲಿ ಕೋಲ್‌ಬ್ರೂಕನ ಇಂಗ್ಲಿಷ್ ಅನುವಾದ ಪ್ರಕಟವಾಯಿತು.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂದು ಬಳಕೆಯಲ್ಲಿರುವ ಜ್ಯಾ, ತ್ರಿಜ್ಯ, ವ್ಯಾಸ, ಪರಿಧಿ ಎಂಬ ಪದಗಳು ಈ ಪರಂಪರೆಯವೇ. ಇವುಗಳಲ್ಲಿ 'ತ್ರಿಜ್ಯ' ವಿಶೇಷವಾಗಿ ಪರಿಶೀಲನಾರ್ಹ. ವೃತ್ತದ ಹನ್ನೆರಡು ರಾಶಿಗಳಲ್ಲಿ ಮೂರು ರಾಶಿಗಳ ಚಾಪ, ಎಂದರೆ ಕಾಲು ಪರಿಧಿ. ಅದರ ಅರ್ಧಜ್ಯಾ ವ್ಯಾಸಾರ್ಧಕ್ಕೆ ಸಮ. ಆದ್ದರಿಂದ ವ್ಯಾಸಾರ್ಧಕ್ಕೆ ತ್ರಿಜ್ಯ ಎಂಬ ಹೆಸರು ಬಂದಿತು. ಇದೇ ಜೀವಾ ಪದವು ಅರಬ್ಬಿಗೆ ಹೋಗಿ, ಅಲ್ಲಿ ಮಡಿಕೆ ಎಂಬ ಅರ್ಥದ ಬೇರೆ ಪದವಾಗಿ ಓದಲ್ಪಟ್ಟು, ಲ್ಯಾಟಿನ್ನಿಗೆ ಅನುವಾದಗೊಂಡು, 'ಸೈನ್' ಆಗಿ ಕನ್ನಡದ ಪಠ್ಯಪುಸ್ತಕಕ್ಕೆ ಮರಳಿದೆ. ಒಂದೇ ಪುಟದಲ್ಲಿ ತ್ರಿಜ್ಯವೂ ಸೈನೂ ಅಕ್ಕಪಕ್ಕ ಕಾಣಿಸಿಕೊಂಡಾಗ, ಒಂದೇ ಹೆದೆಯ ಎರಡು ಹೆಸರುಗಳು ಭೇಟಿಯಾಗುತ್ತಿವೆ ಎಂಬುದು ವಿದ್ಯಾರ್ಥಿಗೆ ತಿಳಿದಿರುವುದಿಲ್ಲ. ಅದನ್ನು ತಿಳಿಸುವ ಹೊಣೆ ಗಣಿತದ ಅಧ್ಯಾಪಕರಿಗೆ ಎಷ್ಟಿದೆಯೋ ಕನ್ನಡದ ಅಧ್ಯಾಪಕರಿಗೂ ಅಷ್ಟೇ ಇದೆ.